ಮೂರು ನೀರಿನ ಕವಾಟ

ಆ ವರ್ಷಗಳಲ್ಲಿ ಎದೆಯೊಳಗೆ ಕೃತಕ ಕವಾಟ ಹಾಕಿಸಿಕೊಂಡವರು ಹಲ್ಲು ಕೀಳಿಸಿಕೊಳ್ಳುತ್ತಿರಲಿಲ್ಲ. ಮೂಗು ಚುಚ್ಚಿಸಿಕೊಳ್ಳುತ್ತಿರಲಿಲ್ಲ, ಬರಿಗಾಲಲ್ಲಿ ಅಂಗಳಕ್ಕೂ ಇಳಿಯುತ್ತಿರಲಿಲ್ಲ. ಒಂದು ಮುಳ್ಳು ತಾಗಿದರೂ ಸಾಕು, ಗಾಯದಿಂದ ಒಳಹೊಕ್ಕ ರೋಗಾಣು ರಕ್ತದ ಜೊತೆ ತೇಲಿ ಹೋಗಿ ಕವಾಟದ ಅಂಚಿನ ಬಟ್ಟೆಯಲ್ಲಿ ನೆಲೆಯೂರುತ್ತಿತ್ತು. ಹಿಂದೆ ಇದಕ್ಕೆ ಔಷಧಿಗಳಿದ್ದವು. ಅವು ಒಂದೊಂದಾಗಿ ಕೆಲಸ ಮಾಡುವುದನ್ನು ನಿಲ್ಲಿಸಿದ್ದವು. ಕವಾಟದವರಿಗೆಂದು ಬಸ್ಸಿನಲ್ಲಿ ಒಂದು ಸೀಟು ಬಿಡುತ್ತಿದ್ದರು. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೂ ಮುಂಚೆ, ಯಾರೂ ಮುಟ್ಟದ ಅನ್ನವನ್ನು ಅವರಿಗೆ ಬೇರೆಯಾಗಿ ಬಡಿಸುತ್ತಿದ್ದರು. ಪ್ರೀತಿಯಿಂದಲೇ ಬಡಿಸುತ್ತಿದ್ದರು. ಆದರೆ ಬೇರೆಯಾಗಿ.

ಧಾರವಾಡದಿಂದ ಕಲಘಟಗಿಯ ಕಡೆ ಹೋಗುವ ದಾರಿಯಲ್ಲಿ, ಊರು ಮುಗಿಯುವಲ್ಲಿ, ಹೃದಯ ಸಾಧನಗಳ ಪರೀಕ್ಷಾ ಕೇಂದ್ರವಿತ್ತು. ಎದೆಯೊಳಗೆ ಹೋಗುವ ಯಾವ ವಸ್ತುವಾದರೂ ಮೊದಲು ಅಲ್ಲಿಗೆ ಬಂದು, ಅನಸೂಯಾ ಹಂಪಿಹೊಳಿಯ ಸಹಿ ಪಡೆದೇ ಮುಂದೆ ಹೋಗಬೇಕು. ಇಪ್ಪತ್ತೊಂಬತ್ತು ವರ್ಷಗಳಿಂದ ಅವಳು ಮಾಡುತ್ತ ಬಂದದ್ದು ಒಂದೇ ಕೆಲಸ: ಇದರಿಂದ ಮನುಷ್ಯರಿಗೆ ಕೆಡುಕಾಗುತ್ತದೆಯೋ ಇಲ್ಲವೋ ಎಂದು ಕೇಳುವುದು.

ತಿಳಿನೀಲಿ ಲೇಪದ ಕವಾಟಗಳು ಬಂದಾಗಲೂ ಅವಳು ಅದನ್ನೇ ಕೇಳಿದಳು. ಕವಾಟವೆಂದರೆ ತೆರೆದು ಮುಚ್ಚುವ ಎರಡು ಪುಟ್ಟ ರೆಕ್ಕೆ, ಅವುಗಳ ಸುತ್ತ ದಪ್ಪ ಬಟ್ಟೆಯ ಒಂದು ಬಳೆ. ವೈದ್ಯರು ಹೊಲಿಗೆ ಹಾಕುವುದು ಈ ಬಳೆಗೆ. ಹೊಲಿಗೆಯ ಬಲದ ಮೇಲೆ ಕವಾಟ ಬಹಳ ಕಾಲ ನಿಲ್ಲುವುದಿಲ್ಲ. ಕೆಲವು ವಾರಗಳಲ್ಲಿ ಹೃದಯದ ಮಾಂಸವೇ ಬಟ್ಟೆಯ ಎಳೆಗಳ ನಡುವೆ ಬೆಳೆದು ಅದನ್ನು ಹಿಡಿದುಕೊಳ್ಳಬೇಕು. ರೋಗಾಣು ಕೂರುವುದೂ ಅದೇ ಬಟ್ಟೆಯಲ್ಲಿ. ಹೊಸ ಲೇಪವನ್ನು ಮುಟ್ಟಿದ ರೋಗಾಣುವಿನ ಹೊರಗೋಡೆ ಹರಿದು, ಅದು ಅಲ್ಲೇ ಸಾಯುತ್ತಿತ್ತು. ರೋಗಾಣುವನ್ನು ಹರಿಯುವ ಲೇಪ ಬೆಳೆಯಬೇಕಾದ ಮಾಂಸವನ್ನು ಸುಮ್ಮನೆ ಬಿಡುತ್ತದೆಯೇ? ಅನಸೂಯಾ ಉತ್ತರ ಹುಡುಕಬೇಕಾಗಿದ್ದದ್ದು ಇಷ್ಟಕ್ಕೇ.

ಮೊದಲಾಗಿದ್ದರೆ ಕುರಿಗಳ ಎದೆ ಸೀಳಿ ನೋಡುತ್ತಿದ್ದರು. ಪ್ರಾಣಿಗಳ ಮೇಲಿನ ಪರೀಕ್ಷೆ ನಿಂತು ಹನ್ನೊಂದು ವರ್ಷವಾಗಿತ್ತು. ಈಗ ಮಿಡಿಯುವ ಪೆಟ್ಟಿಗೆಗಳಿದ್ದವು. ರೋಗಿಯ ಮೈಯಿಂದ ಅಕ್ಕಿಕಾಳಿನಷ್ಟು ಮಾಂಸ ತೆಗೆದು, ಅದರ ಜೀವಕೋಶಗಳಿಂದ ಹೃದಯದ ಮಾಂಸದ್ದೇ ಒಂದು ಉಂಗುರ ಬೆಳೆಸುತ್ತಿದ್ದರು. ಗಾಜಿನ ಪೆಟ್ಟಿಗೆಯೊಳಗೆ, ಬೆಚ್ಚಗಿನ ಪೋಷಕ ದ್ರವದಲ್ಲಿ ಆ ಉಂಗುರ ನಿಮಿಷಕ್ಕೆ ಎಪ್ಪತ್ತೆರಡು ಸಲ ಮಿಡಿಯುತ್ತಿತ್ತು. ಅದಕ್ಕೆ ಕವಾಟ ಹೊಲಿದು ತೊಂಬತ್ತು ದಿನ ಕಾಯುವುದು. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಕವಾಟಕ್ಕಾಗಿ ಕಾಯುತ್ತಿದ್ದ ಆರು ಮಂದಿ ಮಾಂಸ ಕೊಟ್ಟಿದ್ದರು. ಪೆಟ್ಟಿಗೆಯಲ್ಲಿ ಕವಾಟ ಗಟ್ಟಿಯಾಗಿ ನಿಂತರೆ ಮೊದಲು ಅವರಿಗೇ ಹಾಕುವುದೆಂದು ಒಪ್ಪಿಗೆಯಾಗಿತ್ತು.

ಪೆಟ್ಟಿಗೆಗಳ ಮೇಲೆ ಹೆಸರಿರಲಿಲ್ಲ, ಸಂಖ್ಯೆ ಮಾತ್ರ. ಆದರೂ ನಾಲ್ಕನೆಯದು ಯಾರದೆಂದು ಗೇಟಿನ ಕಾವಲುಗಾರನಿಗೂ ಗೊತ್ತಿತ್ತು. ಅದು ಪ್ರಯೋಗಾಲಯದ ಸಹಾಯಕಿ ಫಕೀರವ್ವನ ಮಗಳು ದಾಕ್ಷಾಯಣಿಯದು.

ಫಕೀರವ್ವ ಕೆಲಸಕ್ಕೆ ಬಂದ ಮೊದಲ ವಾರವೇ, ಏಳು ವರ್ಷಗಳ ಹಿಂದೆ, ಒಂದು ದಿನ ಜೀವಕೋಶಗಳ ತಟ್ಟೆಗಳೆಲ್ಲ ಸತ್ತು ಹೋಗಿದ್ದವು. ಗಾಜಿನ ಪಾತ್ರೆಯಲ್ಲಿ ಸೋಪಿನ ಅಂಶ ಉಳಿದಿತ್ತು. ಆಗಿನ ಮೇಲಧಿಕಾರಿ ಎಲ್ಲರೆದುರು ಬೈದಿದ್ದ. ಅನಸೂಯಾ ಬೈಯಲಿಲ್ಲ. ಊಟದ ಬಿಡುವಿನಲ್ಲಿ ತಾನೇ ತೋಳೇರಿಸಿ ಅವಳ ಪಕ್ಕ ತೊಟ್ಟಿಯ ಮುಂದೆ ನಿಂತು, ಶುದ್ಧ ನೀರನ್ನು ಮೂರು ಸಲ ಬದಲಾಯಿಸಿ ತೊಳೆಯುವುದನ್ನು ತೋರಿಸಿಕೊಟ್ಟಿದ್ದಳು. "ಜೀವ ಇದ್ದದ್ದರ ಹತ್ರ ಹೋಗೂದು ಏನಿದ್ರೂ ಮೂರು ನೀರು ಕಾಣಬೇಕು ನೋಡು," ಎಂದಿದ್ದಳು. ಅಂದಿನಿಂದ ಫಕೀರವ್ವನ ಕೈಯಲ್ಲಿ ಒಂದು ತಟ್ಟೆಯೂ ಸತ್ತಿರಲಿಲ್ಲ.

ಪೆಟ್ಟಿಗೆಗಳ ಯಂತ್ರ ನೋಡಿಕೊಳ್ಳುವವನು ಇಮ್ತಿಯಾಜ್ ದಫೇದಾರ ಎಂಬ ಎಂಜಿನಿಯರ್. ಬೆಳಿಗ್ಗೆ ದ್ರವ ಬದಲಾಯಿಸುವಾಗ ಫಕೀರವ್ವ ನಾಲ್ಕನೆಯ ಪೆಟ್ಟಿಗೆಯ ಮುಂದೆ ತುಸು ಹೆಚ್ಚು ಹೊತ್ತು ನಿಲ್ಲುವುದನ್ನು ಅವನು ಗಮನಿಸಿದ್ದ.

"ಎಲ್ಲಾ ಪೆಟ್ಟಿಗಿಗೂ ಸಮ ಮಾತಾಡಸ್ರಿ ಫಕೀರವ್ವಾರ. ಬರೇ ನಾಕನೇದಕ್ಕ ಉಂಡ್ಯೇನು ಅಂತ ಕೇಳಿದ್ರ ಉಳಿದವು ಸಿಟ್ಟಾಗತಾವ."

"ಉಳಿದವಕ್ಕ ಅವರವ್ವಗೋಳು ಅದಾರ. ಅವರು ಬಂದು ಕೇಳ್ಲಿ."

"ಮತ್ತ ನಿಮ್ಮ ಕೈಯಾಗ ಆರೂ ಯಾಕ ಚೆಂದ ಬೆಳ್ಯಾಕತ್ತಾವ?"

"ನೀವು ಮಶೀನ್ ನೋಡ್ತೀರಿ. ನಾ ಅವನ್ನ ನೋಡ್ತೀನಿ," ಎಂದು ಫಕೀರವ್ವ ಮುಂದಿನ ಪೆಟ್ಟಿಗೆಗೆ ಹೋದಳು.

ನಿಜಕ್ಕೂ ಆರೂ ಚೆನ್ನಾಗಿದ್ದವು. ತೊಂಬತ್ತನೆಯ ದಿನ ಅನಸೂಯಾ ಚಿಮಟದಿಂದ ಒಂದೊಂದು ಕವಾಟವನ್ನೂ ಹಿಡಿದೆಳೆದು ನೋಡಿದಳು. ಬಟ್ಟೆ ಕಾಣದಷ್ಟು ಮಾಂಸ ಬೆಳೆದಿತ್ತು. ಅವಳು ಸಹಿ ಹಾಕಿದಳು.

ಆ ಸಂಜೆ ಹೊಸಯಲ್ಲಾಪುರದ ಫಕೀರವ್ವನ ಮನೆಗೆ ಅವಳೇ ಹೋದಳು. ಎರಡು ಕೋಣೆಯ ಮನೆ. ದಾಕ್ಷಾಯಣಿಗೆ ಇಪ್ಪತ್ತಾರು ವರ್ಷ. ಚಿಕ್ಕಂದಿನ ಗಂಟಲುಬೇನೆ ಕೀಲಿಗಿಳಿದು, ಕೀಲಿನಿಂದ ಹೃದಯಕ್ಕಿಳಿದು ಕವಾಟವನ್ನು ತಿಂದುಹಾಕಿತ್ತು. ಬಸ್ ಕಂಡಕ್ಟರ್ ಆಗಿದ್ದವಳು ಎರಡು ವರ್ಷದಿಂದ ಮನೆಯಲ್ಲಿದ್ದಳು. ಲೇಪವಿಲ್ಲದ ಕವಾಟವನ್ನು ಅಂದೇ ಹಾಕಿಸಿಕೊಳ್ಳಬಹುದಿತ್ತು. ಆದರೆ ಅಂಥ ಕವಾಟದವರನ್ನು ಜನ ತುಂಬಿದ ಬಸ್ಸಿನಲ್ಲಿ ಕೆಲಸಕ್ಕೆ ಬಿಡುವುದಿಲ್ಲ. ಅದಕ್ಕೇ ಅವಳು ಕಾದಿದ್ದಳು.

"ನಿಮ್ಮ ಪೆಟ್ಟಿಗ್ಯಾಗಿನ ನಾನು ಹೆಂಗದೀನ್ರಿ ಬಾಯಾರ?" ಎಂದು ಅವಳು ಗೋಡೆಗೊರಗಿಕೊಂಡೇ ಕೇಳಿದಳು. ಒಂದು ವಾಕ್ಯಕ್ಕೆ ಎರಡು ಸಲ ಉಸಿರೆಳೆದುಕೊಳ್ಳುತ್ತಿದ್ದಳು.

"ನಿನಕಿಂತ ಛಲೋ ಅದ. ಎದುರು ಮಾತಾಡೂದಿಲ್ಲ."

"ಮೂರು ತಿಂಗಳಾತು ಕುಂತು. ಟಿಕೆಟ್ ತೊಗೊಂಡೈತೇನು ಕೇಳಿದ್ರೇನು?"

ಫಕೀರವ್ವ ಒಳಗಿನಿಂದ ಅವಲಕ್ಕಿ ತಂದಳು. ತಟ್ಟೆ ಕೈಗೆ ಕೊಡುವಾಗ ಅವಳ ಕಣ್ಣು ಕೇಳುತ್ತಿದ್ದದ್ದನ್ನು ಅನಸೂಯಾ ತಾನಾಗಿ ಹೇಳಿದಳು. "ಎಲ್ಲಾ ಗಟ್ಟಿ ನಿಂತಾವ. ಮುಂದಿನ ತಿಂಗಳು ಹಾಕ್ತಾರ."

ಫಕೀರವ್ವ ಅನಸೂಯಾಳ ತಟ್ಟೆಗೆ ಇನ್ನೊಂದು ಹಿಡಿ ಅವಲಕ್ಕಿ ಹಾಕಿದಳು.

ಆರೂ ಮಂದಿಗೆ ಕವಾಟ ಹಾಕಿದ್ದು ಡಾಕ್ಟರ್ ಮಂದಾಕಿನಿ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಅವರು ಕಡಿಮೆ ಮಾತಿನವರು. ಆದರೆ ತಮ್ಮ ಸ್ಟೆತಸ್ಕೋಪಿನ ಬಿಲ್ಲೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡೇ ರೋಗಿಯ ಎದೆಗಿಡುತ್ತಿದ್ದರು. ಯಾರಿಗೂ ಜ್ವರ ಬರಲಿಲ್ಲ. ನಾಲ್ಕನೆಯ ತಿಂಗಳು ದಾಕ್ಷಾಯಣಿ ಖಾಕಿ ತೊಟ್ಟು ಬಸ್ಸು ಹತ್ತಿದಳು. ಕಿವಿಗೊಟ್ಟರೆ ಅವಳ ಎದೆಯಿಂದ ಸಣ್ಣಗೆ ಟಿಕ್ ಟಿಕ್ ಕೇಳಿಸುತ್ತಿತ್ತು. "ನಾ ತಡಾ ಮಾಡೂದು ಸಾಧ್ಯನ ಇಲ್ಲ. ಒಳಗ ಗಡಿಯಾರ ಐತಿ," ಎಂದು ಡ್ರೈವರನಿಗೆ ಹೇಳುತ್ತಿದ್ದಳಂತೆ.

ಏಳನೆಯ ತಿಂಗಳು ಹಳಿಯಾಳದಿಂದ ಸುದ್ದಿ ಬಂತು. ಮೊದಲನೆಯ ಪೆಟ್ಟಿಗೆಯವನು, ಶಾಲೆಯೊಂದರ ಅಡುಗೆಯವನು, ಬೆಳಿಗ್ಗೆ ಒಲೆಯ ಮುಂದೆ ಕುಸಿದು ತೀರಿಕೊಂಡಿದ್ದ. ಹತ್ತು ದಿನ ಕಳೆಯುವುದರೊಳಗೆ ದಾಕ್ಷಾಯಣಿ ಕಲಘಟಗಿಯ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಲೇ ಸೀಟಿನ ಕಂಬಿ ಹಿಡಿದು ಕೂತುಬಿಟ್ಟಳು. ತುಟಿ ನೀಲಿಯಾಗಿತ್ತು. ಡ್ರೈವರ್ ಬಸ್ಸನ್ನು ತಿರುಗಿಸಿ, ತುಂಬಿದ ಜನರ ಸಮೇತ ನೇರ ಹುಬ್ಬಳ್ಳಿಯ ಆಸ್ಪತ್ರೆಗೆ ಹೊಡೆದ. ಅರವತ್ತು ಜನರಲ್ಲಿ ಒಬ್ಬರೂ ತಮ್ಮ ಊರು ಹಿಂದುಳಿಯಿತೆಂದು ಅನ್ನಲಿಲ್ಲ. ಅವಳನ್ನು ಸ್ಟ್ರೆಚರಿಗೆ ಇಳಿಸುವಾಗ ಯಾರೋ ಒಬ್ಬಾಕೆ ಟಿಕೆಟ್ ಚೀಲವನ್ನು ಜೋಪಾನವಾಗಿ ಮಡಚಿ ಅವಳ ಕಾಲ ಬಳಿ ಇಟ್ಟಳು.

ಡಾಕ್ಟರ್ ಮಂದಾಕಿನಿ ಅನಸೂಯಾಳಿಗೆ ಫೋನ್ ಮಾಡಿದರು. "ಅಡಗಿಯವನ ಕವಾಟ ತಗದು ನೋಡೇನಿ. ರೋಗಾಣು ಒಂದೂ ಇಲ್ಲ. ಆದ್ರ ಮಾಂಸನೂ ಇಲ್ಲ. ಬಟ್ಟಿ ನಾ ಹೊಲಿದ ದಿನ ಹೆಂಗಿತ್ತೋ ಹಂಗ ಅದ. ಬರೇ ನನ್ನ ಹೊಲಿಗಿ ಮ್ಯಾಲೆ ಇಷ್ಟು ದಿನ ನಿಂತದ. ಉಳಿದ ಐದೂ ಮಂದಿಗೆ ಅಂಚಿನ್ಯಾಗ ಸೋರ್ಲಿಕ್ಕೆ ಹತ್ತೇದ. ನೀವು ಏನು ಪರೀಕ್ಷಾ ಮಾಡಿದ್ರಿ ಅನಸೂಯಾ?"

ಅನಸೂಯಾ ತಾನು ಸಹಿ ಹಾಕಿದ್ದ ಕಡತವನ್ನು ಮುಂದಕ್ಕೆಳೆದುಕೊಂಡಳು.

"ದಾಕ್ಷಾಯಣಿಗೆ ಹೆಚ್ಚು ದಿನ ಇಲ್ಲ," ಎಂದರು ಡಾಕ್ಟರ್. "ಮತ್ತೊಮ್ಮೆ ಎದಿ ತಗೀಬೇಕು. ಲೇಪ ಇಲ್ಲದ ಕವಾಟ ಹಾಕಿದ್ರ, ಎರಡನೇ ಸಲ ತಗದ ಎದಿಯೊಳಗ ನಂಜು ಆಗೇ ಆಗ್ತದ. ಲೇಪದ್ದು ಹಾಕಿದ್ರ ಮತ್ತ ಸಡಲ್ತದ. ಯಾವುದು ಹಾಕ್ಲಿ, ನೀವ ಹೇಳ್ರಿ."

ಪೊಟ್ಟಣ ಒಡೆದು ಕವಾಟ ಅಣಿಮಾಡಿಕೊಡುತ್ತಿದ್ದ ಫಕೀರವ್ವ ಮಗಳ ಬಳಿ ಆಸ್ಪತ್ರೆಯಲ್ಲಿದ್ದಳು. ಇಮ್ತಿಯಾಜ್ ಹೊಸದೊಂದು ಉಂಗುರಕ್ಕೆ ಹೊಸ ಕವಾಟವನ್ನು ತಾನೇ ಹೊಲಿದು ಪೆಟ್ಟಿಗೆಗೆ ಇಟ್ಟ. ಸೂಚನೆಯ ಹಾಳೆಯನ್ನು ಮುಂದಿಟ್ಟುಕೊಂಡು ಒಂದಕ್ಷರ ತಪ್ಪದೆ ಮಾಡಿದ: ಪೊಟ್ಟಣ ಒಡೆಯುವುದು, ಬಟ್ಟಲಿನಲ್ಲಿ ಇಡುವುದು, ಹೊಲಿಯುವುದು. ಐದನೆಯ ದಿನ ಉಂಗುರದ ಅಂಚು ಬಿಳಿಚಿಕೊಂಡಿತು. ಎಂಟನೆಯ ದಿನ ಮಿಡಿತ ನಿಂತಿತು.

"ಫಕೀರವ್ವಾರ ಕೈಗುಣನೇ ಬ್ಯಾರೆ ಬಿಡ್ರಿ ಮೇಡಂ," ಎಂದ ಅವನು, ನಗು ಬಾರದ ದನಿಯಲ್ಲಿ. "ಅವರಿದ್ದಾಗ ಆರಕ್ಕ ಆರೂ ಬದುಕಿದ್ವು. ನಾ ಮುಟ್ಟಿದ ಕೂಡಲೇ ಸತ್ತೋತು."

ಅನಸೂಯಾ ಅವನ ಮುಖ ನೋಡಿದಳು. ಮತ್ತೆ ಸತ್ತ ಉಂಗುರವನ್ನು ನೋಡಿದಳು. ಸೂಚನೆಯ ಹಾಳೆ ಬರೆದದ್ದು ಅವಳು. ಆ ಹಾಳೆಯಂತೆಯೇ ಕೆಲಸ ನಡೆಯುತ್ತಿದೆಯೇ ಎಂದು ಏಳು ವರ್ಷಗಳಲ್ಲಿ ಒಂದು ದಿನವೂ ಫಕೀರವ್ವನ ಪಕ್ಕ ನಿಂತು ನೋಡಿರಲಿಲ್ಲ. ಫಕೀರವ್ವನ ಕೆಲಸದಲ್ಲಿ ಕೊರತೆ ಇರುತ್ತದೆಂದು ಯಾರಿಗೆ ಅನ್ನಿಸೀತು?

ಅನಸೂಯಾ ವಾರ್ಡಿಗೆ ಹೋದಾಗ ಫಕೀರವ್ವ ಎದ್ದು ತನ್ನ ಸ್ಟೂಲು ಕೊಟ್ಟಳು. ಪಕ್ಕದ ಹಾಸಿಗೆಯ ರೋಗಿಯ ಗಂಡ ತನ್ನ ಸ್ಟೂಲನ್ನು ಫಕೀರವ್ವನ ಕಡೆ ಸರಿಸಿ ಹೊರಗೆ ಹೋಗಿ ನಿಂತ. ದಾಕ್ಷಾಯಣಿ ಮೂರು ದಿಂಬಿಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ.

"ಫಕೀರವ್ವಾ, ಪೊಟ್ಟಣ ಒಡದ ಮ್ಯಾಲೆ ಕವಾಟ ನೇರ ಬಟ್ಟಲಾಗ ಇಡ್ತಿದ್ದಿ, ಹೌದಿಲ್ಲೋ?"

"ನೇರ ಹೆಂಗ ಇಡ್ಲಿ ಬಾಯಾರ? ತೊಳೀದ?"

"ತೊಳೀತಿದ್ಯಾ?"

"ನೀವ ಹೇಳೀರೆಲ್ಲ, ಮೂರು ನೀರು ಕಾಣಬೇಕು ಅಂತ." ಫಕೀರವ್ವನ ದನಿಯಲ್ಲಿ ಒಂದಿಷ್ಟು ಹೆಮ್ಮೆಯಿತ್ತು. "ಅದೇ ಶುದ್ಧ ನೀರಿನ ಬಾಟ್ಲಿ ಒಡದು ತೊಳೀತಿದ್ದೆ. ಹೊಸಾ ಸೀರಿ ಮೊದಲನೇ ನೀರಿಗೆ ಬಣ್ಣಾ ಬಿಡೂದಿಲ್ಲೇನ್ರಿ, ಹಂಗ ಬಿಡ್ತಿತ್ತು. ಮೊದಲನೇ ನೀರು ನೀಲಿ. ಎರಡನೇದ್ರಾಗ ಬರೇ ನೆಳ್ಳು. ಮೂರನೇದು ಸ್ವಚ್ಛ. ನಾಕನೇ ಪೆಟ್ಟಿಗಿದಕ್ಕ ಮಾತ್ರ ನಾಕು ನೀರು ಹಾಕೇನಿ. ಅದೊಂದು ತಪ್ಪು ಮಾಡೇನಿ. ಸಿಟ್ಟಾಗಬ್ಯಾಡ್ರಿ."

ಅನಸೂಯಾಳಿಗೆ ಎಲ್ಲ ಸ್ಪಷ್ಟವಾಯಿತು. ಲೇಪದಲ್ಲಿ ಎಳೆಗೆ ಅಂಟಿಕೊಂಡದ್ದು ರೋಗಾಣುವನ್ನಷ್ಟೇ ಕೊಲ್ಲುತ್ತದೆ, ಮಾಂಸಕ್ಕೆ ಅಪಾಯಕಾರಿಯಲ್ಲ. ಅಂಟದೆ ಸಡಿಲವಾಗಿ ಉಳಿದ ಹೆಚ್ಚಿನ ಲೇಪವೇ, ಮೊದಲ ದಿನಗಳಲ್ಲಿ ರಕ್ತಕ್ಕೆ ಬಿಟ್ಟುಕೊಂಡು ಸುತ್ತಲಿನ ಎಳೆ ಮಾಂಸವನ್ನು ಸುಡುತ್ತದೆ. ಪ್ರಯೋಗಾಲಯದಲ್ಲಿ ಅದು ಮೂರು ನೀರಿನಲ್ಲಿ ತೊಟ್ಟಿ ಸೇರಿ ಹೋಗಿತ್ತು. ಆಸ್ಪತ್ರೆಯಲ್ಲಿ ಹಾಳೆಯಂತೆ ಪೊಟ್ಟಣ ಒಡೆದು, ನೇರವಾಗಿ ಆರು ಎದೆಗಳಿಗೆ ಹೊಲಿದಿದ್ದರು.

"ಅವ್ವಾ," ಎಂದಳು ದಾಕ್ಷಾಯಣಿ, "ಮಜ್ಜಿಗಿ ಕುಡೀಬೇಕನಸಾಕತ್ತೈತಿ. ಕೆಳಗ ಹೋಗಿ ತಾ. ಪೊಟ್ಟಣದ್ದ ತಾ ಮತ್ತ."

ಫಕೀರವ್ವ ಹೋದಳು. ಅವಳ ಹೆಜ್ಜೆ ಮೆಟ್ಟಿಲಿಳಿಯುವವರೆಗೂ ಮಗಳು ಕಾದಳು.

"ಡಾಕ್ಟರು ತೊಳೀದ ಹಾಕ್ಯಾರ. ಹೌದಿಲ್ಲರಿ?"

"ಹೌದು. ಮೊನ್ನೆ ಇಮ್ತಿಯಾಜ್ ತೊಳೀದ ಹಾಕಿದ್ದು ಪೆಟ್ಟಿಗ್ಯಾಗ ಎಂಟು ದಿನಕ್ಕ ಸತ್ತದ."

"ಅವ್ವ ತೊಳೀದ ಇದ್ದಿದ್ರ ಅಲ್ಲೇ ಪೆಟ್ಟಿಗ್ಯಾಗ ಸಾಯ್ತಿತ್ತು. ನಮಗ ಯಾರಿಗೂ ಹಾಕ್ತಿದ್ದಿಲ್ಲ."

ಅನಸೂಯಾ ತಲೆಯಾಡಿಸಿದಳು.

ದಾಕ್ಷಾಯಣಿ ದಿಂಬನ್ನು ಬೆನ್ನಿಗೆ ಸರಿಸಿಕೊಂಡಳು. "ಅಕಿಗೆ ಹೇಳಬ್ಯಾಡ್ರಿ."

"ವರದಿಯೊಳಗ ಬರೀಲಿಕ್ಕೇ ಬೇಕು ದಾಕ್ಷಾಯಣಿ. ಉಳಿದ ನಾಕು ಮಂದಿ ಇದ್ದಾರ. ಮುಂದ ಬರೋರು ಇದ್ದಾರ."

"ಬರೀರಿ. ಇಂಗ್ಲಿಷಿನ್ಯಾಗ ಬರೀತೀರೆಲ್ಲ. ಅಕಿ ಎದುರಿಗೆ ಕೇಳಿದ್ರ ಇಲ್ಲ ಅನ್ರಿ. ಅಷ್ಟ."

"ಸುಳ್ಳು ಹೇಳ್ಲಿಕ್ಕೆ ನನಗ ಬರೂದಿಲ್ಲ."

"ಬಸ್ಸಿನ್ಯಾಗ ದಿನಾ ಹೇಳ್ತಿದ್ದೆ ನಾ, ಹಿಂದ ಜಾಗಾ ಐತಿ ಅಂತ. ಕಲೀಬಹುದ್ರಿ," ಎಂದು ದಾಕ್ಷಾಯಣಿ ನಗಲು ಹೋದಳು. ಕೆಮ್ಮು ಬಂತು. ಅದು ನಿಂತ ಮೇಲೆ, "ಒಂದ ಸಲ ಅನ್ರಿ ಬಾಯಾರ," ಎಂದಳು.

ಅನಸೂಯಾ ಹೂಂ ಎಂದಳು.

ತೊಳೆದ ಕವಾಟವನ್ನು ಇಮ್ತಿಯಾಜ್ ಆ ಸಂಜೆಯೇ ಪೆಟ್ಟಿಗೆಗೆ ಹಾಕಿದ. ತೊಂಬತ್ತು ದಿನ ಕಾಯಲು ಯಾರ ಬಳಿಯೂ ಸಮಯವಿರಲಿಲ್ಲ. ಎಂಟನೆಯ ದಿನ ದಾಟಿ ಒಂಬತ್ತನೆಯ ಬೆಳಿಗ್ಗೆಯೂ ಉಂಗುರ ಕೆಂಪಗೆ ಮಿಡಿಯುತ್ತಿದ್ದಾಗ ಅನಸೂಯಾ ಡಾಕ್ಟರಿಗೆ ಫೋನ್ ಮಾಡಿದಳು. ಶಸ್ತ್ರಚಿಕಿತ್ಸೆಗೆ ಮುಂಚೆ ಡಾಕ್ಟರ್ ಮಂದಾಕಿನಿ ಹೊರಗೆ ಬಂದು, ಬೆಂಚಿನ ಮೇಲಿದ್ದ ಫಕೀರವ್ವನನ್ನು ಕೇಳಿದರು: ಒಂದೊಂದು ನೀರಿನಲ್ಲಿ ಎಷ್ಟು ಹೊತ್ತು ಇಡುತ್ತಿದ್ದಿ, ಅಲುಗಾಡಿಸುತ್ತಿದ್ದೆಯೋ ಸುಮ್ಮನೆ ಬಿಡುತ್ತಿದ್ದೆಯೋ? ಫಕೀರವ್ವ ಎದ್ದು ನಿಂತು ಬರಿಗೈಯಲ್ಲಿ ತೋರಿಸಿದಳು. ಡಾಕ್ಟರ್ ಅವಳ ಕೈಯನ್ನೇ ನೋಡಿ, ತಾವೂ ಒಂದು ಸಲ ಹಾಗೆ ಮಾಡಿ ತೋರಿಸಿ, ಸರಿ ಇದೆಯೇ ಎಂದು ಕೇಳಿದರು.

"ಸರಿ ಐತ್ರಿ," ಎಂದಳು ಫಕೀರವ್ವ. "ಇನ್ನಷ್ಟು ಹಗೂರ."

ಕವಾಟ ಕೂತಿತು. ಹತ್ತು ದಿನಗಳ ಮೇಲೆ ಯಂತ್ರದಲ್ಲಿ ನೋಡಿದಾಗ ಅಂಚಿನಲ್ಲಿ ಒಂದು ಹನಿಯೂ ಸೋರುತ್ತಿರಲಿಲ್ಲ. ಆದರೆ ತಿಂಗಳುಗಟ್ಟಲೆ ಸೋರುವ ಕವಾಟದ ವಿರುದ್ಧ ಹೆಣಗಿದ ಹೃದಯ ದಣಿದು ಹಿಗ್ಗಿಹೋಗಿತ್ತು. ಹದಿನಾರನೆಯ ದಿನ ಮಧ್ಯಾಹ್ನ, ನರ್ಸು ತಲೆ ಬಾಚಿ ಜಡೆ ಹಾಕುತ್ತಿರುವಾಗ, ದಾಕ್ಷಾಯಣಿ ತೀರಿಕೊಂಡಳು. ನರ್ಸು ಜಡೆಯನ್ನು ಅರ್ಧಕ್ಕೆ ಬಿಡದೆ ಪೂರ್ತಿ ಹೆಣೆದು ತುದಿಗೆ ಟೇಪು ಕಟ್ಟಿದಳು. ಆಮೇಲೆ ಡಾಕ್ಟರನ್ನು ಕರೆದಳು.

ಉಳಿದ ನಾಲ್ವರಲ್ಲಿ ಮೂವರು ತೊಳೆದ ಕವಾಟ ಹಾಕಿಸಿಕೊಂಡು ಬದುಕಿದರು. ಒಬ್ಬ ಮುದುಕ ಮತ್ತೆ ಎದೆ ತೆಗೆಸಲು ಒಪ್ಪದೆ ಮನೆಗೆ ಹೋದ.

ಅನಸೂಯಾ ವರದಿ ಬರೆದಳು. ಪರೀಕ್ಷೆ ತಪ್ಪಿದ್ದು ಎಲ್ಲಿ, ಏಕೆ ಎಂದು ಹದಿನಾಲ್ಕು ಪುಟ. ಸಹಾಯಕಿಗೆ ಈ ಕ್ರಮ ಕಲಿಸಿದ್ದು ತಾನು, ಹಾಳೆಯಲ್ಲಿ ಬರೆಯದೆ ಬಿಟ್ಟದ್ದು ತಾನು, ನೋಡದೆ ಸಹಿ ಮಾಡಿದ್ದು ತಾನು ಎಂದು ಮೂರು ಕಡೆ ಬರೆದಳು. ಕೊನೆಗೆ ಕವಾಟದ ಪೊಟ್ಟಣಗಳ ಮೇಲೆ ಹೊಸದೊಂದು ಸಾಲು ಅಚ್ಚಾಯಿತು: ಹೊಲಿಯುವ ಮುನ್ನ ಶುದ್ಧ ನೀರಿನಲ್ಲಿ ಮೂರು ಬಾರಿ ತೊಳೆಯಿರಿ. ಆ ವರ್ಷ ಮುಗಿಯುವ ಹೊತ್ತಿಗೆ ಅಂಥ ಕವಾಟ ಸಾವಿರಾರು ಎದೆಗಳಲ್ಲಿ ಕೂತಿತ್ತು. ಜನ ಮತ್ತೆ ಹಲ್ಲು ಕೀಳಿಸಿಕೊಂಡರು, ಒಂದೇ ಪಂಕ್ತಿಯಲ್ಲಿ ಉಂಡರು. ಅನಸೂಯಾಳ ಕೈಯಿಂದ ಸಹಿಯ ಅಧಿಕಾರ ಹೋಗಿತ್ತು. ಅದು ನ್ಯಾಯವೆಂದೇ ಅವಳಿಗೆ ಅನ್ನಿಸಿತ್ತು.

ಮಗಳು ತೀರಿದ ಒಂದು ತಿಂಗಳ ಮೇಲೆ ಫಕೀರವ್ವ ಕೆಲಸಕ್ಕೆ ಬಂದಿದ್ದಳು. ಮೊದಲಿನಂತೆಯೇ ಕೆಲಸ ಮಾಡಿದಳು. ಪೆಟ್ಟಿಗೆಗಳ ಜೊತೆ ಮಾತಾಡುವುದನ್ನು ಮಾತ್ರ ಬಿಟ್ಟಿದ್ದಳು. ಒಂದು ಸಂಜೆ ಮನೆಗೆ ಹೊರಡುವ ಮುನ್ನ ಅನಸೂಯಾಳ ಕೋಣೆಯ ಬಾಗಿಲಲ್ಲಿ ನಿಂತಳು. ಚೀಲ ಹೆಗಲಿಗಿತ್ತು.

"ಬಾಯಾರ, ನಾ ತೊಳೀದ ಇದ್ದಿದ್ರ ಅಕಿ ಉಳೀತಿದ್ಲೇನ್ರಿ?"

ಅನಸೂಯಾ ಪೆನ್ನು ಕೆಳಗಿಟ್ಟಳು. "ಇಲ್ಲ," ಎಂದಳು. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಫಕೀರವ್ವಾ. ಅಕಿ ಹೃದಯನೇ ದಣಿದಿತ್ತು."

"ಹಂಗೇನ್ರಿ," ಎಂದು ಫಕೀರವ್ವ ಹೋದಳು.

ಒಳಗಿನ ಕೋಣೆಯಿಂದ ಇಮ್ತಿಯಾಜ್ ಬಂದ. ಅವನು ಕೇಳಿಸಿಕೊಂಡಿದ್ದ. ಮೇಜಿನ ಬಳಿ ನಿಂತು ಹೇಳಿದ. "ಮೇಡಂ, ಅವರಿಗೆ ಗೊತ್ತದ. ಹೋದ ವಾರ ವರದಿ ತೊಗೊಂಡು ಬಂದು ನನ್ನ ಕಡೆ ಪೂರಾ ಓದಿಸಿದ್ರು. ನಾ ಕನ್ನಡದಾಗ ಹೇಳಿದೆ. ಒಂದು ಪುಟ ಬಿಟ್ಟು ನೋಡಿದೆ, ಹದಿನಾಕರಾಗ ಹದಿಮೂರ ಆದ್ವಲ್ಲ ಅಂದ್ರು. ಪುಟಾ ಎಣಿಸ್ತಿದ್ರು ಕಾಣ್ತದ."

ಅನಸೂಯಾ ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಹೊರಗೆ ನಡೆದಳು. ಫಕೀರವ್ವ ರಸ್ತೆಯ ಬದಿಯ ಕಲ್ಲುಬೆಂಚಿನ ಮೇಲೆ ಬಸ್ಸಿಗೆ ಕಾಯುತ್ತಿದ್ದಳು. ಇವಳನ್ನು ಕಂಡು ಚೀಲವನ್ನು ತೊಡೆಯ ಮೇಲೆತ್ತಿಕೊಂಡು ಜಾಗ ಮಾಡಿದಳು.

"ಫಕೀರವ್ವಾ, ನಾ ಸುಳ್ಳು ಹೇಳಿದೆ."

"ಗೊತ್ತೈತ್ರಿ. ಕುಂಡರ್ರಿ."

ಅನಸೂಯಾ ಕೂತಳು. ಎದುರಿನ ಹೊಲದಲ್ಲಿ ಹೆಂಗಸರು ಕಡಲೆ ಕೀಳುತ್ತಿದ್ದರು.

"ಗೊತ್ತಿದ್ದೂ ಯಾಕ ಕೇಳಿದಿ?"

ಫಕೀರವ್ವ ಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತಿದಳು. "ಓಣ್ಯಾಗ ಎಲ್ಲಾರೂ ಅಂತಾರ್ರಿ, ನಿನ್ನ ತಪ್ಪೇನೈತಿ, ನಿನ್ನ ತಪ್ಪೇನೈತಿ ಅಂತ. ಅವರಿಗೆ ಏನೂ ಗೊತ್ತಿಲ್ಲ, ಅಂತಾರ. ಎಲ್ಲಾ ಗೊತ್ತಿದ್ದವರು ಒಬ್ಬರು ಹಂಗ ಅಂದ್ರ ಹೆಂಗಿರತೈತಿ, ನೋಡಬೇಕಾಗಿತ್ತು."

"ಹೆಂಗಿತ್ತು?"

ಫಕೀರವ್ವ ಯೋಚಿಸಿದಳು. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಡಬೇಕೆಂಬಂತೆ ಬಹಳ ಹೊತ್ತು ಯೋಚಿಸಿದಳು.

"ಏನೂ ಆಗ್ಲಿಲ್ಲರಿ," ಎಂದಳು.